ವಾಹನದ ಗ್ಲೋವ್ ಬಾಕ್ಸ್ ಬೀಗವನ್ನು ಬಿಚ್ಚುವ ಕ್ರಮ

ತೋಟಗಾರ ಬಂಧುಗಳ ಜೀಪು, ಪಿಕಪ್ ವಾಹನಗಳಲ್ಲಿ ಎಡಗಡೆಯ ಆಸನದ ಮುಂದಿರುವ ಗ್ಲೋವ್ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆಯು ಒಂದು ಕಚೇರಿಯೇ ಸರಿ. ಆರ್.ಸಿ., ವಿಮಾ ಪತ್ರ, ತೂಕದ ಚೀಟಿ, ಮಂಡಿಯ ಪಟ್ಟಿ, ಕೆಲವೊಮ್ಮೆ ಅಡಿಕೆ ಮಾರಿದ ಹಣ ಎಲ್ಲವೂ ಅದರೊಳಗೆ. ಅದರ ಬೀಗ ಕೆಟ್ಟಿತೆಂದರೆ ಬಹುಮಂದಿ ಮಾಡುವ ಮೊದಲ ಕೆಲಸ ದೊಡ್ಡ ಸ್ಕ್ರೂಡ್ರೈವರ್ ತುರುಕಿ ಮೀಟುವುದು. ಬಾಗಿಲು ಸೀಳುತ್ತದೆ, ಡ್ಯಾಶ್‌ಬೋರ್ಡಿನ ಅಂಚು ಒಡೆಯುತ್ತದೆ. ಬೀಗ ಮಾತ್ರ ಹಾಗೇ ಇರುತ್ತದೆ! ಬೀಗದ ಒಳರಚನೆ ತಿಳಿದರೆ ಈ ನಷ್ಟವಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. ಚೆಕ್‌ಪೋಸ್ಟಿನಲ್ಲಿ ನಿಂತಾಗ ಈ ಪೆಟ್ಟಿಗೆ ತೆರೆಯದಿದ್ದರೂ ಗಾಬರಿ ಬೇಡ. 2018ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾದ ಮೇಲೆ, ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ಮೊಬೈಲಿನಲ್ಲಿ ತೋರಿಸಿದ ಲೈಸೆನ್ಸ್, ಆರ್.ಸಿ., ವಿಮೆಗಳಿಗೂ ಮಾನ್ಯತೆಯಿದೆ. ಆದ್ದರಿಂದ ದಾರಿಯ ಮಧ್ಯೆ ಪೆಟ್ಟಿಗೆ ಒಡೆಯುವ ಅಗತ್ಯವಿಲ್ಲ. ಮನೆಗೆ ಬಂದು ಹಗಲು ಬೆಳಕಿನಲ್ಲಿ ಸಾವಧಾನವಾಗಿ ಬಿಚ್ಚಬಹುದು.

ಇನ್ನು ರಚನೆಯ ವಿಷಯ. ಹೊರಗೆ ಒಂದು ಕವಚ, ಅದರೊಳಗೆ ತಿರುಗುವ ದಿಂಡು. ದಿಂಡಿನಲ್ಲಿ ಅಡ್ಡಲಾಗಿ ಸೀಳುಗಳಿದ್ದು, ಒಂದೊಂದರಲ್ಲೂ ನಡುವೆ ತೂತಿರುವ ತೆಳು ಹಿತ್ತಾಳೆ ಬಿಲ್ಲೆ, ಪಕ್ಕದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಇರುತ್ತವೆ. ಸ್ಪ್ರಿಂಗು ಬಿಲ್ಲೆಯನ್ನು ಹೊರಕ್ಕೆ ತಳ್ಳಿ ಕವಚದ ಗಾಡಿಯಲ್ಲಿ ಸಿಕ್ಕಿಸುವುದರಿಂದ ದಿಂಡು ತಿರುಗದು. ಸರಿಯಾದ ಕೀಲಿಕೈ ಹೋದಾಗ ಅದರ ಹಲ್ಲುಗಳು ಎಲ್ಲ ಬಿಲ್ಲೆಗಳನ್ನೂ ದಿಂಡಿನ ಮೈಮಟ್ಟಕ್ಕೆ ಎಳೆದುಕೊಳ್ಳುತ್ತವೆ. ಆಗ ದಿಂಡು ತಿರುಗುತ್ತದೆ. ಎಷ್ಟೋ ಬೀಗಗಳಲ್ಲಿ ದಿಂಡಿನ ಹಿಂತುದಿಯಲ್ಲಿ ಇನ್ನೊಂದು ಬಿಲ್ಲೆಯಿದೆ. ಕೀಲಿಕೈಗೂ ಅದಕ್ಕೂ ಸಂಬಂಧವಿಲ್ಲ. ದಿಂಡು ಮುಂದಕ್ಕೆ ಜಾರಿ ಬೀಳದಂತೆ ಹಿಡಿಯುವುದೇ ಅದರ ಕೆಲಸ. ನಾವು ಒತ್ತಬೇಕಾದದ್ದು ಅದನ್ನೇ.

ಕೀಲಿಕೈ ಕೈಯಲ್ಲಿದ್ದರೆ ಕೆಲಸ ಹತ್ತು ನಿಮಿಷದ್ದು. ಬಾಗಿಲು ತೆರೆದು, ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ಬೀಗ ಮತ್ತು ಚಿಲಕ ಕಾಣುವಂತೆ ಮಾಡಿರಿ. ಕವಚದ ಮೇಲೆ ಗುಂಡುಸೂಜಿ ಹೋಗುವಷ್ಟು ತೂತು ಇದೆಯೇ ನೋಡಿರಿ. ಇದ್ದರೆ ಕೀಲಿಕೈ ಹಾಕಿ ಮೆಲ್ಲಗೆ ತಿರುಗಿಸುತ್ತಾ, ಗಟ್ಟಿ ತಂತಿಯಿಂದ ಆ ತೂತಿನಲ್ಲಿ ಒತ್ತಿರಿ. ಒಂದು ನಿಲುವಿನಲ್ಲಿ ತಂತಿಯ ಕೆಳಗೆ ಸ್ಪ್ರಿಂಗಿನಂತೆ ಏನೋ ಕುಗ್ಗುತ್ತದೆ. ಒತ್ತಿಹಿಡಿದೇ ಕೀಲಿಕೈ ಸಮೇತ ಎಳೆದರೆ ದಿಂಡು ಹೊರಬರುತ್ತದೆ. ತೂತು ಇಲ್ಲದಿದ್ದರೆ ಬೀಗವನ್ನು ಹಿಂದಿನಿಂದ ಲಾಳಾಕಾರದ ಕ್ಲಿಪ್ಪಾಗಲಿ ದೊಡ್ಡ ನಟ್ಟಾಗಲಿ ಹಿಡಿದಿರುತ್ತದೆ. ಹಳೆಯ ಜೀಪುಗಳಲ್ಲಿ ಇಂಥ ನಟ್ಟನ್ನು ಕಾಣಬಹುದು. ಅದನ್ನು ತೆಗೆದರೆ ಇಡೀ ಬೀಗವೇ ಬರುತ್ತದೆ.

ದಿಂಡು ಹೊರಬಂದೊಡನೆ ಕೀಲಿಕೈಯನ್ನು ಎಳೆದುಬಿಡಬೇಡಿ. ಎಳೆದರೆ ಬಿಲ್ಲೆಗಳು ಹೊರಕ್ಕೆ ಚಿಮ್ಮಿ, ಸ್ಪ್ರಿಂಗುಗಳು ಅಂಗಳದ ಪಾಲಾಗಬಹುದು. ಬಿಳಿ ಬಟ್ಟೆ ಹಾಸಿದ ಊಟದ ತಟ್ಟೆಯ ಮೇಲೆ ಈ ಕೆಲಸ ಮಾಡಿರಿ. ಬಿಲ್ಲೆಗಳ ಅನುಕ್ರಮವನ್ನು ಕಾಗದದಲ್ಲಿ ಬರೆದುಕೊಳ್ಳಿರಿ. ಆ ಅನುಕ್ರಮವೇ ನಿಮ್ಮ ಕೀಲಿಕೈಯ ಗುಟ್ಟು.

ಕೀಲಿಕೈ ಕಳೆದಿದ್ದರೆ ಬೀಗದ ತಂಟೆಗೆ ಹೋಗದೆ ಬಾಗಿಲಿನ ತಂಟೆಗೆ ಹೋಗುವುದು ಜಾಣತನ. ಅನೇಕ ವಾಹನಗಳಲ್ಲಿ ಬಾಗಿಲಿನ ಕೆಳ ಅಂಚಿನ ತಿರುಗಣೆಯ ಸ್ಕ್ರೂ ಅಥವಾ ಕಡ್ಡಿಗಳು ಡ್ಯಾಶ್‌ಬೋರ್ಡಿನ ತಳದಿಂದ ಕೈಗೆ ಸಿಗುತ್ತವೆ. ಅವನ್ನು ಕಳಚಿ ಬಾಗಿಲನ್ನು ಕೆಳಗಿನಿಂದ ಸಡಿಲಿಸಬಹುದು. ಕೀಲಿಕೈ ಒಳಗೇ ಮುರಿದಿದ್ದರೆ, ದಿಂಡಿನ ಸೀಳು ಕೀಲಿಕೈ ತೆಗೆಯುವ ನಿಲುವಿನಲ್ಲಿದೆಯೇ ನೋಡಿ, ಇಲ್ಲವಾದರೆ ಮೊದಲು ಅಲ್ಲಿಗೆ ತಿರುಗಿಸಿ, ತೆಳು ಗರಗಸದ ಬ್ಲೇಡನ್ನು ಹಲ್ಲು ಹೊರಮುಖವಾಗಿ ತೂರಿಸಿ ಚೂರನ್ನು ಎಳೆದು ತೆಗೆಯಬೇಕು.

ಇಲ್ಲೊಂದು ಎಚ್ಚರಿಕೆ, ಇದನ್ನು ಲಘುವಾಗಿ ಕಾಣಬಾರದು. ಭಾರತದಲ್ಲಿ 2022ರಿಂದೀಚೆಗೆ ತಯಾರಾದ ಕಾರುಗಳಲ್ಲಿ ಎಡ ಆಸನಕ್ಕೂ ಗಾಳಿಚೀಲ ಕಡ್ಡಾಯ. ಅದು ಕೂಡುವುದು ಇದೇ ಪೆಟ್ಟಿಗೆಯ ಮೇಲ್ಭಾಗದಲ್ಲಿ. ಅಂಥ ವಾಹನದಲ್ಲಿ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು ಕೆಲಸಕ್ಕೆ ಕೈಹಾಕಿರಿ. ಹಳದಿ ಬಣ್ಣದ ತಂತಿ, ಜೋಡಣೆಗಳನ್ನು ಮುಟ್ಟಲೇಬೇಡಿ. ಅನುಮಾನವಿದ್ದರೆ ಮೆಕ್ಯಾನಿಕ್ಕನಿಗೆ ಒಪ್ಪಿಸುವುದು ಕ್ಷೇಮ.

ಬೀಗ ಕೆಡುವುದಕ್ಕೆ ಎರಡು ಸೀಮೆಗಳಲ್ಲಿ ಎರಡು ಕಾರಣ. ಗದಗಿನ ಕಡೆ ಸೊರಟೂರ, ಶಿರಹಟ್ಟಿ, ಮುಂಡರಗಿಯ ಎರೆನೆಲದಲ್ಲಿ ಬೇಸಗೆಯ ದೂಳು ವೈರಿ. ಆ ಸೀಮೆಯಲ್ಲಿ ಬೀಗಕ್ಕೇ ಕೀಲಿ ಎನ್ನುತ್ತಾರೆ, ತೆರೆಯುವುದಕ್ಕೆ ಕೀಲಿಕೈ. ಅಲ್ಲಿಯ ರಿಪೇರಿಯವರ ಬಳಿ “ಕೀಲಿ ಕೊಡಿ” ಎಂದರೆ ಬೀಗವನ್ನೇ ಚಾಚಿಯಾರು! ದೂಳಿನ ದಾರಿಯಲ್ಲಿ ಓಡುವ ವಾಹನದ ಬೀಗಕ್ಕೆ ಎಣ್ಣೆ ಬಿಟ್ಟರೆ ಮಣ್ಣು ಅಂಟಿ ಬಿಲ್ಲೆಗಳು ಕಚ್ಚಿಕೊಳ್ಳುತ್ತವೆ. ಗ್ರಾಫೈಟ್ ಪುಡಿ ಉತ್ತಮ. ಪೆನ್ಸಿಲ್ ಸೀಸವನ್ನು ನುಣ್ಣಗೆ ಅರೆದು ಕೀಲಿಕೈಗೆ ಸವರಿದರೂ ನಡೆಯುತ್ತದೆ.

ನಮ್ಮ ಮಲೆನಾಡಿನಲ್ಲಿ ತೇವದ ಜೊತೆಗೆ ಮೈಲುತುತ್ತವೂ ಇದೆ. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಉಜ್ಜಿದ ಚಾಕುವನ್ನು ಅದ್ದುವ ಪರೀಕ್ಷೆ ನಿಮಗೆ ಗೊತ್ತೇ ಇದೆ: ಕೆಂಪು ಲೇಪ ಕೂತರೆ ತಾಮ್ರ ಉಳಿದಿದೆ, ಸುಣ್ಣ ಸಾಲದು. ಅದೇ ಕ್ರಿಯೆ ಬೀಗದಲ್ಲೂ ನಡೆಯುತ್ತದೆ. ಬೀಗದ ದಿಂಡು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ. ಸತುವು ಕಬ್ಬಿಣಕ್ಕಿಂತಲೂ ಬೇಗ ಮೈಲುತುತ್ತಕ್ಕೆ ಸೋಲುತ್ತದೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರಿಗೆ 1 ಕಿಲೋ ತುತ್ತ ಬೇಕು. ಆ ಪೊಟ್ಟಣವನ್ನು ಪೇಟೆಯಿಂದ ಇದೇ ಪೆಟ್ಟಿಗೆಯಲ್ಲಿಟ್ಟು ತರುವ ರೂಢಿ ಕೆಲವರಲ್ಲಿದೆ. ಸೋರಿದ ಪುಡಿಗೆ ಮಳೆಯ ತೇವ ತಾಗಿದರೆ ದಿಂಡಿನ ಮೈ ತಿಂದುಹೋಗುತ್ತದೆ. ಹೀಗೆ ತಿಂದ ದಿಂಡನ್ನು ಉಜ್ಜಿ ಉಪಯೋಗವಿಲ್ಲ, ಬದಲಾಯಿಸಬೇಕು.

ಬಿಚ್ಚಿದ ಬೀಗವನ್ನು ಕೀಲಿಕೈ ಮಾಡುವವನಿಗೆ ಕೊಡುವಾಗ ಎದುರಿಗೇ ನಿಂತಿರಿ. ಕೆಲವು ವಾಹನಗಳಲ್ಲಿ ಬಾಗಿಲು, ಇಗ್ನಿಷನ್, ಗ್ಲೋವ್ ಬಾಕ್ಸ್ ಮೂರಕ್ಕೂ ಒಂದೇ ಕೀಲಿಕೈ. ಈ ಪುಟ್ಟ ದಿಂಡಿನ ಬಿಲ್ಲೆಗಳನ್ನು ಓದಿ ಬಾಗಿಲಿನ ಕೀಲಿಕೈಯನ್ನು ಬಹುಪಾಲು ಕೊರೆಯಬಹುದು. ಹಾಗೆಯೇ ಬೇರೆ ದಿಂಡು ತಂದಾಗ, ಬಿಲ್ಲೆಗಳ ಸ್ಥಾನ ಬದಲಿಸಿ ನಿಮ್ಮ ಹಳೆಯ ಕೀಲಿಕೈಗೇ ಅದನ್ನು ಹೊಂದಿಸಲೂ ಬರುತ್ತದೆ, ಎರಡೂ ಒಂದೇ ಅಚ್ಚಿನವಾಗಿದ್ದರೆ.

ಮರುಜೋಡಣೆಯಲ್ಲಿ ಕೀಲಿಕೈ ಹಾಕಿದ ದಿಂಡನ್ನು ಕವಚಕ್ಕೆ ತಳ್ಳಿದಾಗ ಹಿಂದಿನ ಬಿಲ್ಲೆ ಟಕ್ಕೆಂದು ಕೂರಬೇಕು. ಬಳಿಕ ಬಾಗಿಲು ತೆರೆದಿರುವಾಗಲೇ ಐದಾರು ಸಲ ಬೀಗ ಹಾಕಿ ತೆಗೆದು, ಚಿಲಕ ಪೂರ್ತಿ ಒಳಸರಿಯುವುದನ್ನು ಕಣ್ಣಾರೆ ನೋಡಿದ ಮೇಲೆ ಬಾಗಿಲು ಮುಚ್ಚಿರಿ.