ನೆರೆನಾಡಿನ ನಾಣ್ಯ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಆದರೆ ದೇಶ ಸುತ್ತಲು ಹೊರಟವನು ತಾನು ಕಾಲಿಡುವ ನಾಡಿನ ಹಣದ ವಿಚಾರವಾಗಿಯೂ ಒಂದಿಷ್ಟು ಓದಿಕೊಂಡು ಹೋಗುವುದು ಒಳಿತು. ಬೆಟ್ಟ, ನದಿ, ಗುಡಿಗೋಪುರಗಳು ಒಂದು ನಾಡಿನ ಹೊರರೂಪವನ್ನು ತೋರಿಸುತ್ತವೆ. ಅಲ್ಲಿನ ನಾಣ್ಯವಾದರೋ ಆ ನಾಡು ಬದುಕುವ ಬಗೆಯನ್ನೇ ತಿಳಿಸುತ್ತದೆ. ಭಾರತದ ನೆರೆಯಲ್ಲಿರುವ ಭೂತಾನವು ಇದಕ್ಕೆ ಒಳ್ಳೆಯ ನಿದರ್ಶನ.

ಭೂತಾನವು ಹಿಮಾಲಯದ ಮಡಿಲಿನಲ್ಲಿರುವ ಪುಟ್ಟ ರಾಷ್ಟ್ರ. ಅದರ ವಿಸ್ತೀರ್ಣ ಸುಮಾರು 38,400 ಚದರ ಕಿಲೋಮೀಟರುಗಳು. ಎಂದರೆ ಕರ್ನಾಟಕದ ಐದನೆಯ ಒಂದು ಭಾಗ. ಜನಸಂಖ್ಯೆ ಎಂಟು ಲಕ್ಷವನ್ನೂ ಮುಟ್ಟಿಲ್ಲ. ಉತ್ತರಕ್ಕೆ ಟಿಬೆಟ್ಟಿನ ಹಿಮಶಿಖರಗಳು, ಉಳಿದ ಮೂರು ದಿಕ್ಕುಗಳಲ್ಲಿ ಭಾರತದ ನೆಲ. ಹೀಗಾಗಿ ಆ ನಾಡಿನ ವ್ಯಾಪಾರವೆಲ್ಲ ಹೆಚ್ಚಾಗಿ ಭಾರತದೊಡನೆಯೇ ನಡೆಯುತ್ತದೆ.

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಅಲ್ಲಿನ ಸಾಮಾನ್ಯ ಜನರ ಜೀವನದಲ್ಲಿ ಹಣದ ಪಾತ್ರ ಬಲು ಕಿರಿದಾಗಿತ್ತು. ರೈತನು ಬೆಳೆದ ಅಕ್ಕಿ ಟಿಬೆಟ್ಟಿಗೆ ಹೋಗುತ್ತಿತ್ತು. ಅಲ್ಲಿಂದ ಉಪ್ಪು, ಉಣ್ಣೆ ಬರುತ್ತಿದ್ದವು. ಸರಕಾರಕ್ಕೆ ಸಲ್ಲಬೇಕಾದ ಕಂದಾಯವನ್ನು ಸಹ ಧಾನ್ಯ, ಬೆಣ್ಣೆ, ಕೈಮಗ್ಗದ ಬಟ್ಟೆಗಳ ರೂಪದಲ್ಲಿ ಕೊಡುವ ರೂಢಿಯಿತ್ತು. ಹಿಂದೆ ನೆರೆಯ ಕೂಚ್ ಬಿಹಾರದ ಬೆಳ್ಳಿಯ ನಾಣ್ಯಗಳೂ, ಅನಂತರ ಭಾರತದ ರೂಪಾಯಿಯೂ ಅಲ್ಲಿ ಚಲಾವಣೆಯಲ್ಲಿದ್ದವು. 1961ರಲ್ಲಿ ಭಾರತದ ನೆರವಿನೊಂದಿಗೆ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಬೆಟ್ಟಗಳನ್ನು ಕಡಿದು ರಸ್ತೆಗಳನ್ನು ನಿರ್ಮಿಸಲಾಯಿತು. ಕೂಲಿ, ಸಂಬಳ, ಸಾಮಗ್ರಿಗಳ ಬೆಲೆ ಎಲ್ಲಕ್ಕೂ ಹಣ ಬೇಕಾಯಿತು. 1968ರಲ್ಲಿ ಭೂತಾನ ಬ್ಯಾಂಕು ಸ್ಥಾಪನೆಯಾಯಿತು. 1971ರಲ್ಲಿ ಆ ರಾಷ್ಟ್ರವು ವಿಶ್ವಸಂಸ್ಥೆಯ ಸದಸ್ಯತ್ವವನ್ನು ಪಡೆಯಿತು. 1974ರಲ್ಲಿ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕ ನಡೆಯಿತು. ಅದೇ ವರ್ಷ ಭೂತಾನವು ತನ್ನದೇ ಆದ ನೋಟುಗಳನ್ನು ಹೊರತಂದಿತು.

ಆ ಹಣದ ಹೆಸರು ಙುಲ್ಟ್ರಮ್. ಕನ್ನಡ ವರ್ಣಮಾಲೆಯಲ್ಲಿ 'ಙ' ಎಂಬ ಅಕ್ಷರವನ್ನು ಎಲ್ಲರೂ ಕಲಿಯುತ್ತಾರೆ. ಆದರೆ ಅದರಿಂದ ಆರಂಭವಾಗುವ ಪದವೊಂದನ್ನು ಹೇಳೆಂದರೆ ತಡವರಿಸುತ್ತಾರೆ. ಭೂತಾನದ ಜೋಂಗ್‌ಖಾ ಭಾಷೆಯಲ್ಲಿ ಆ ಧ್ವನಿಯಿಂದಲೇ ನಾಡಿನ ಹಣದ ಹೆಸರು ಮೊದಲಾಗುತ್ತದೆ. 'ಙುಲ್' ಎಂದರೆ ಬೆಳ್ಳಿ. ಕನ್ನಡದ 'ಹಣ' ಎಂಬ ಮಾತು ಸಹ ಒಂದು ಕಾಲದಲ್ಲಿ ಪುಟ್ಟ ಚಿನ್ನದ ನಾಣ್ಯದ ಹೆಸರಾಗಿತ್ತು. ಲೋಹ ಮರೆಯಾದರೂ ಹೆಸರು ಉಳಿಯುವುದು ಎರಡೂ ನಾಡುಗಳಲ್ಲಿ ಕಂಡುಬರುವ ಸಂಗತಿ.

ಒಂದು ಙುಲ್ಟ್ರಮಿನ ಬೆಲೆ ಒಂದು ಭಾರತೀಯ ರೂಪಾಯಿಗೆ ಸಮ. ಆರಂಭದಿಂದಲೂ ಈ ಸಮತೆಯನ್ನು ಕಾಪಾಡಿಕೊಂಡು ಬರಲಾಗಿದೆ. ನೇಪಾಳದಲ್ಲಿಯಾದರೆ ಭಾರತದ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿ ಎಂಬ ದರ 1993ರಿಂದ ನಡೆದುಬಂದಿದೆ. ಪ್ರವಾಸಿಯು ಪ್ರತಿ ಸಾಮಗ್ರಿಯ ಬೆಲೆಯನ್ನೂ ಭಾಗಿಸಿ ನೋಡಬೇಕಾಗುತ್ತದೆ. ಭೂತಾನದಲ್ಲಿ ಆ ಲೆಕ್ಕಾಚಾರದ ಕಷ್ಟವಿಲ್ಲ. ಪಶ್ಚಿಮ ಬಂಗಾಳದ ಜೈಗಾಂವ್ ಎಂಬ ಪೇಟೆಯಿಂದ ಗಡಿಯ ಹೆಬ್ಬಾಗಿಲನ್ನು ದಾಟಿದರೆ ಫುಂಟ್ಶೋಲಿಂಗ್ ಪಟ್ಟಣ. ಅಲ್ಲಿನ ಅಂಗಡಿಗಳಲ್ಲಿ ಭಾರತದ ನೋಟನ್ನು ಕೊಟ್ಟರೆ ವ್ಯಾಪಾರಿಯು ತೆಗೆದುಕೊಳ್ಳುತ್ತಾನೆ. ಚಿಲ್ಲರೆಯನ್ನು ಮಾತ್ರ ಹೆಚ್ಚಾಗಿ ಙುಲ್ಟ್ರಮಿನಲ್ಲಿ ಹಿಂದಿರುಗಿಸುತ್ತಾನೆ.

ಇಲ್ಲಿಯೇ ಪ್ರವಾಸಿಯು ಎಚ್ಚರ ವಹಿಸಬೇಕು. ಬೆಲೆಯಲ್ಲಿ ಎರಡೂ ಸಮವಾದರೂ ಸಂಚಾರದಲ್ಲಿ ಸಮವಲ್ಲ. ರೂಪಾಯಿಯು ಭೂತಾನದ ಪೇಟೆಗಳಲ್ಲಿ ನಡೆಯುತ್ತದೆ; ಙುಲ್ಟ್ರಮ್ ಮಾತ್ರ ಭಾರತದಲ್ಲಿ ಗಡಿಯ ಊರುಗಳನ್ನು ಬಿಟ್ಟು ಬೇರೆಲ್ಲಿಯೂ ನಡೆಯದು. ನಾಲ್ಕು ದಿನಗಳ ಪ್ರವಾಸದಲ್ಲಿ ಪ್ರತಿ ಅಂಗಡಿಯಲ್ಲಿಯೂ ರೂಪಾಯಿ ಕೊಟ್ಟು ಙುಲ್ಟ್ರಮನ್ನು ಪಡೆದವನ ಕೈಯಲ್ಲಿ ಕೊನೆಗೆ ಸಾವಿರಾರು ಙುಲ್ಟ್ರಮ್ ಉಳಿಯಬಹುದು. ಅದನ್ನು ಅಲ್ಲಿಯೇ ಖರ್ಚು ಮಾಡದೆ, ಬದಲಾಯಿಸಿಕೊಳ್ಳದೆ ಊರಿಗೆ ತಂದರೆ ಬೆಂಗಳೂರಿನ ಬಸ್ಸಿನಲ್ಲಿ ಒಂದು ಟಿಕೇಟಿಗೂ ಅದು ಒದಗದು. ಆದುದರಿಂದ ತಿಳಿದವರು ಚಿಲ್ಲರೆಯಾಗಿ ಬಂದ ಙುಲ್ಟ್ರಮನ್ನು ಮುಂದಿನ ಖರ್ಚಿಗೆ ಮೊದಲು ಬಳಸುತ್ತಾರೆ. ರೂಪಾಯಿಯನ್ನು ಹಿಂತಿರುಗುವ ದಾರಿಗೆ ಉಳಿಸಿಕೊಳ್ಳುತ್ತಾರೆ.

ಹಾಗಾದರೆ ಈ ವ್ಯತ್ಯಾಸಕ್ಕೆ ಕಾರಣವೇನು? ಹಣದ ಬೆಲೆ ಕಾಗದದಲ್ಲಿಲ್ಲ. ಅದನ್ನು ಹೊರತಂದವರ ಮೇಲಿನ ನಂಬಿಕೆಯಲ್ಲಿದೆ. ಙುಲ್ಟ್ರಮ್ ರೂಪಾಯಿಗೆ ಸಮವೆಂದು ಹೇಳುವ ಭೂತಾನವು, ಕೇಳಿದವರಿಗೆ ಕೊಡಲು ಸಾಕಷ್ಟು ರೂಪಾಯಿಗಳನ್ನು ತನ್ನ ಬೊಕ್ಕಸದಲ್ಲಿ ಇಟ್ಟುಕೊಂಡಿರಬೇಕು. ಈ ಹೊಣೆ ರಾಯಲ್ ಮಾನಿಟರಿ ಅಥಾರಿಟಿ ಎಂಬ ಅಲ್ಲಿನ ಕೇಂದ್ರ ಬ್ಯಾಂಕಿನದು. 1982ರ ಕಾಯಿದೆಯಂತೆ ಅದು ಸ್ಥಾಪಿತವಾಯಿತು. ರೂಪಾಯಿಯನ್ನು ಭೂತಾನವು ಅಚ್ಚು ಹಾಕುವಂತಿಲ್ಲ, ದುಡಿದೇ ಗಳಿಸಬೇಕು. ಅದರ ದೊಡ್ಡ ಗಳಿಕೆ ಜಲವಿದ್ಯುತ್ತಿನಿಂದ ಬರುತ್ತದೆ. ಭಾರತದ ನೆರವಿನಿಂದ ಕಟ್ಟಲಾದ 336 ಮೆಗಾವಾಟ್ ಸಾಮರ್ಥ್ಯದ ಚುಖಾ ವಿದ್ಯುದಾಗಾರವು 1980ರ ದಶಕದಲ್ಲಿ ಕೆಲಸವನ್ನಾರಂಭಿಸಿ, ವಿದ್ಯುತ್ತನ್ನು ಭಾರತಕ್ಕೆ ಕಳುಹಿಸತೊಡಗಿತು. ಹಿಮ ಕರಗಿ ಹರಿಯುವ ನೀರೇ ಆ ನಾಡಿಗೆ ರೂಪಾಯಿಯನ್ನು ತರುವ ಕಾಮಧೇನು.

ಗಳಿಕೆಗಿಂತ ಖರ್ಚು ಹೆಚ್ಚಾದರೆ ಮನೆಗಾಗಲಿ ನಾಡಿಗಾಗಲಿ ತೊಂದರೆ ತಪ್ಪಿದ್ದಲ್ಲ. 2012ರಲ್ಲಿ ಭೂತಾನಕ್ಕೆ ಅಂತಹ ಸಂಕಟ ಒದಗಿತು. ವಾಹನ, ಇಂಧನ, ಕಟ್ಟಡ ಸಾಮಗ್ರಿ, ಆಹಾರ ಪದಾರ್ಥ ಇವುಗಳ ಆಮದು ಬೆಳೆದು ರೂಪಾಯಿಯ ಕೊರತೆ ಉಂಟಾಯಿತು. ಬ್ಯಾಂಕುಗಳು ರೂಪಾಯಿಯನ್ನು ಕೊಡುವುದಕ್ಕೆ ಮಿತಿ ಹಾಕಬೇಕಾಯಿತು. 2016ರ ನವೆಂಬರ್ 8ರಂದು ಭಾರತ ಸರಕಾರವು 500 ಮತ್ತು 1000 ರೂಪಾಯಿಗಳ ಅಂದಿನ ನೋಟುಗಳ ಚಲಾವಣೆಯನ್ನು ರದ್ದುಪಡಿಸಿದಾಗ, ಅವನ್ನು ಕೂಡಿಟ್ಟಿದ್ದ ಭೂತಾನದ ಜನರೂ ಚಿಂತೆಗೆ ಒಳಗಾದರು. ಒಂದು ನಾಡಿನ ನಿರ್ಧಾರ ಮತ್ತೊಂದು ನಾಡಿನ ಗೃಹಿಣಿಯ ಪೆಟ್ಟಿಗೆಯವರೆಗೆ ತಲುಪುವುದು ಹೀಗೆ. 2008ರಲ್ಲಿ ಜಾರಿಗೆ ಬಂದ ಭೂತಾನದ ಸಂವಿಧಾನವು, ಕನಿಷ್ಠ ಒಂದು ವರ್ಷದ ಅತ್ಯಾವಶ್ಯಕ ಆಮದಿಗೆ ಸಾಲುವಷ್ಟು ವಿದೇಶಿ ಹಣವನ್ನು ಸದಾ ಸಂಗ್ರಹದಲ್ಲಿಡಬೇಕೆಂದು ವಿಧಿಸಿದೆ. ಕಣಜದಲ್ಲಿ ಮುಂದಿನ ಸುಗ್ಗಿಯವರೆಗೆ ಕಾಳು ಉಳಿಸುವ ರೈತನ ವಿವೇಕವೇ ಇಲ್ಲಿ ಕಾನೂನಿನ ರೂಪವನ್ನು ಪಡೆದಿದೆ.

ಪ್ರವಾಸಿಯು ಹಣವನ್ನು ಒಯ್ಯುವ ಬಗೆಗಳು ಹಲವು. ಮೊದಲನೆಯದು ನಗದು. ಭಾರತದಿಂದ ಭೂತಾನಕ್ಕೆ ಹೋಗುವವರು ನೂರು ರೂಪಾಯಿಗಿಂತ ಹೆಚ್ಚಿನ ಮುಖಬೆಲೆಯ ನೋಟುಗಳನ್ನು ಒಟ್ಟು 25,000 ರೂಪಾಯಿಗಳವರೆಗೆ ಮಾತ್ರ ಒಯ್ಯಬಹುದು; ನೂರರ ಮತ್ತು ಅದಕ್ಕಿಂತ ಚಿಕ್ಕ ನೋಟುಗಳಿಗೆ ಈ ಮಿತಿಯಿಲ್ಲ. ಹಳ್ಳಿಯ ಅಂಗಡಿಯಲ್ಲಿ ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟವಾದ್ದರಿಂದ ಚಿಕ್ಕ ನೋಟುಗಳೇ ಹೆಚ್ಚು ಅನುಕೂಲ. ಎರಡನೆಯದು ಬ್ಯಾಂಕಿನ ಕಾರ್ಡು. ಭಾರತದ ರುಪೇ ಕಾರ್ಡು 2019ರಿಂದ ಭೂತಾನದಲ್ಲಿ ಬಳಕೆಗೆ ಬಂದಿದೆ. ಹೊರದೇಶದಲ್ಲಿ ಕಾರ್ಡು ನಡೆಯುವಂತೆ ಊರು ಬಿಡುವ ಮೊದಲೇ ಬ್ಯಾಂಕಿಗೆ ತಿಳಿಸಿ, ಅದಕ್ಕೆ ತಗಲುವ ಶುಲ್ಕವೆಷ್ಟು ಎಂಬುದನ್ನು ಕೇಳಿ ತಿಳಿಯಬೇಕು. ಮೂರನೆಯದು ದೂರವಾಣಿಯ ಮೂಲಕ ಸಂದಾಯ. ಭಾರತದ ಯುಪಿಐ ಪದ್ಧತಿಯ ಸಂದಾಯವು 2021ರ ಜುಲೈ 13ರಂದು ಭೂತಾನದಲ್ಲಿ ಆರಂಭವಾಯಿತು. ಅಂಗಡಿಯಲ್ಲಿಟ್ಟ ಚೌಕಾಕಾರದ ಸಂಕೇತವನ್ನು ಮೊಬೈಲಿನಿಂದ ಗುರುತಿಸಿದರೆ ಹಣ ಸಲ್ಲುತ್ತದೆ. ಆದರೆ ಎಲ್ಲ ಅಂಗಡಿಗಳಲ್ಲಿಯೂ ಈ ಸೌಕರ್ಯವಿಲ್ಲ. ಗಡಿ ದಾಟಿದ ಮೇಲೆ ಮೊಬೈಲಿಗೆ ಅಂತರಜಾಲದ ಸಂಪರ್ಕ ದೊರೆಯದಿದ್ದರೆ ಖಾತೆಯಲ್ಲಿ ಲಕ್ಷವಿದ್ದರೂ ಒಂದು ಲೋಟ ಚಹಾ ಕುಡಿಯಲಾಗದು. ಆದುದರಿಂದ ಮೂರನ್ನೂ ಸ್ವಲ್ಪ ಸ್ವಲ್ಪ ಇಟ್ಟುಕೊಂಡು, ನಗದನ್ನು ಒಂದೇ ಜೇಬಿನಲ್ಲಿ ತುಂಬದೆ ಎರಡು ಮೂರು ಕಡೆ ಹಂಚಿಡುವುದು ಜಾಣತನ. ಭೂತಾನದ ಗಡಿಯಾರವು ಭಾರತದ ಗಡಿಯಾರಕ್ಕಿಂತ ಅರ್ಧ ಗಂಟೆ ಮುಂದಿದೆ. ಇದನ್ನು ಮರೆತು ಬ್ಯಾಂಕಿಗೆ ಹೋದವನು ಮುಚ್ಚಿದ ಬಾಗಿಲನ್ನು ಕಂಡು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಬೇಕಾದೀತು.

ಖರ್ಚಿನ ಅಂದಾಜನ್ನು ಮೊದಲೇ ಬರೆದಿಡುವುದು ಇನ್ನೂ ಮುಖ್ಯ. 2022ರ ಸೆಪ್ಟೆಂಬರಿನಲ್ಲಿ ಭೂತಾನವು ಭಾರತೀಯ ಪ್ರವಾಸಿಗಳಿಗೂ ಒಬ್ಬರಿಗೆ ದಿನಕ್ಕೆ 1,200 ರೂಪಾಯಿಗಳ ಅಭಿವೃದ್ಧಿ ಶುಲ್ಕವನ್ನು ಗೊತ್ತುಪಡಿಸಿತು. ಗಂಡಹೆಂಡಿರಿಬ್ಬರು ಮೂರು ದಿನ ತಂಗಿದರೆ ಇದೊಂದೇ 7,200 ರೂಪಾಯಿಗಳಾಗುತ್ತದೆ. ಊಟ, ವಸತಿ, ವಾಹನಗಳ ಖರ್ಚು ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಪ್ರವಾಸಕ್ಕೂ ಸಲ್ಲುತ್ತದೆ. ಈ ಶುಲ್ಕ ಕೆಲವರಿಗೆ ಭಾರವೆನಿಸಬಹುದು. ಆದರೆ ಆ ನಾಡಿನ ಸಂವಿಧಾನವು ನೂರಕ್ಕೆ ಅರವತ್ತು ಭಾಗ ನೆಲವನ್ನು ಎಂದೆಂದಿಗೂ ಕಾಡಾಗಿಯೇ ಉಳಿಸಬೇಕೆಂದು ಹೇಳುತ್ತದೆ. ಹಾಗೆ ಉಳಿಸಿದ ಕಾಡಿನ ತಂಪನ್ನು ಸವಿಯಲು ಬಂದವನು ಅದರ ರಕ್ಷಣೆಗೆ ತನ್ನ ಪಾಲನ್ನು ಸಲ್ಲಿಸುವುದು ನ್ಯಾಯವೇ ಆಗಿದೆ.

ದೊಡ್ಡ ದೇಶದಿಂದ ಚಿಕ್ಕ ದೇಶಕ್ಕೆ ಹೋದವರಲ್ಲಿ ಕೆಲವೊಮ್ಮೆ ಒಂದು ಬಗೆಯ ದರ್ಪ ತಲೆದೋರುವುದುಂಟು. ನಮ್ಮ ರೂಪಾಯಿ ಎಲ್ಲೆಡೆ ನಡೆಯುತ್ತದೆ ಎಂದು ಹೆಮ್ಮೆಪಟ್ಟು, ಚಿಲ್ಲರೆಯಾಗಿ ಬಂದ ಙುಲ್ಟ್ರಮನ್ನು ಬೇಡವೆಂದು ಹಿಂದಕ್ಕೆ ತಳ್ಳುವವರಿದ್ದಾರೆ. ಇದು ಸಭ್ಯತೆಯಲ್ಲ. ಆ ನೋಟುಗಳ ಮೇಲೆ ಅವರ ಅರಸರ ಚಿತ್ರಗಳಿವೆ. ಅವರ ಪುರಾತನ ಕೋಟೆಗಳ ಚಿತ್ರಗಳಿವೆ. ಎಂಟು ಲಕ್ಷವೂ ಇಲ್ಲದ ಜನ, ಬೃಹತ್ತಾದ ಎರಡು ರಾಷ್ಟ್ರಗಳ ನಡುವೆ ನಿಂತು, ತಾವೂ ಸ್ವತಂತ್ರರೆಂದು ಸಾರುವ ಪತ್ರ ಅದು. ಅದನ್ನು ಆದರದಿಂದ ಸ್ವೀಕರಿಸುವವನು ಆ ಜನರನ್ನೇ ಆದರಿಸಿದಂತೆ. ಲೆಕ್ಕದಲ್ಲಿ ಎಚ್ಚರ, ವ್ಯವಹಾರದಲ್ಲಿ ಪ್ರಾಮಾಣಿಕತೆ, ಅತಿಥಿಗೆ ತಕ್ಕ ವಿನಯ ಇವು ಮೂರನ್ನು ಜೊತೆಗೆ ಕೊಂಡೊಯ್ಯುವ ಪ್ರವಾಸಿಗೆ ಯಾವ ಗಡಿಯಲ್ಲಿಯೂ ತಡೆಯಿಲ್ಲ. ಯಾವ ನಾಡಿನಲ್ಲಿಯೂ ಅವುಗಳ ಬೆಲೆ ಕುಂದುವುದಿಲ್ಲ.