ಟ್ರ್ಯಾಕಿಗೆ ಹೊರಡುವ ಮುನ್ನ ಬ್ರೇಕ್ ಆಯಿಲ್ ಬದಲಿಸಿ

ಸ್ವಂತ ಕಾರನ್ನು ರೇಸ್ ಟ್ರ್ಯಾಕಿನ ಮೇಲೆ ಓಡಿಸಬೇಕೆಂಬ ಆಸೆಯಿದ್ದರೆ ತೆಂಗಳಿ, ಸೇಡಂ, ವಾಡಿ ಕಡೆಯವರು ದೂರ ಹೋಗಬೇಕು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಇದೆ. ಕೊಯಮತ್ತೂರಿನಲ್ಲಿ ಅದಕ್ಕಿಂತ ಚಿಕ್ಕದಾದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅಷ್ಟು ದೂರ ಹೊರಟವರು ಟಯರಿಗೆ ಖರ್ಚು ಮಾಡುತ್ತಾರೆ, ಎಂಜಿನ್ ಆಯಿಲ್ ಬದಲಿಸುತ್ತಾರೆ. ಬ್ರೇಕ್ ಆಯಿಲ್ ಮಾತ್ರ ಎಷ್ಟೋ ಕಾರುಗಳಲ್ಲಿ ಶೋರೂಮಿನಿಂದ ಬಂದದ್ದೇ ಉಳಿದಿರುತ್ತದೆ. ನನ್ನನ್ನು ಕೇಳಿದರೆ ಮೊದಲ ಖರ್ಚು ಇದಕ್ಕೇ ಆಗಬೇಕು.

ಕಾರಣ ಕಾವು. ಒಂದು ಟನ್ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಂತಾಗ ಬ್ರೇಕುಗಳಲ್ಲಿ ಸುಮಾರು 140 ಕಿಲೋಜೂಲ್ ಶಾಖ ಹುಟ್ಟುತ್ತದೆ. ಅದೇ ಕಾರು ತಿರುವಿನ ಮುಂಚೆ 140ರಿಂದ 60ಕ್ಕೆ ಇಳಿದರೆ 600 ಕಿಲೋಜೂಲಿಗೂ ಹೆಚ್ಚು. ಅದೂ ಪ್ರತಿ ಸುತ್ತಿನಲ್ಲಿ ಮತ್ತೆ ಮತ್ತೆ, ನಡುವೆ ತಣಿಯಲು ಬಿಡುವಿಲ್ಲದೆ. ಈ ಶಾಖ ಪ್ಯಾಡ್ ದಾಟಿ ಕ್ಯಾಲಿಪರಿನ ಒಳಗಿರುವ ಆಯಿಲನ್ನು ಮುಟ್ಟುತ್ತದೆ. ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ಮೋಟುಲ್ ಆರ್‌ಬಿಎಫ್ 600ರಂಥ ರೇಸಿಂಗ್ ಆಯಿಲ್ ಹೊಸದಿದ್ದಾಗ 300 ಡಿಗ್ರಿಯನ್ನೂ ದಾಟುತ್ತದೆ, ಆದರೆ ಅದನ್ನು ಬೇಗ ಬೇಗ ಬದಲಿಸುತ್ತಿರಬೇಕು. ಮೊದಲ ಸಲ ಟ್ರ್ಯಾಕಿಗೆ ಇಳಿಯುವವರಿಗೆ ಸೀಲ್ ಒಡೆಯದ ಡಬ್ಬಿಯ ಒಳ್ಳೆಯ ಡಾಟ್ 4 ಅಥವಾ 5.1 ಸಾಕು. ಯಾವುದು ನಡೆಯುತ್ತದೆಂದು ಕಾರಿನ ಕೈಪಿಡಿ ನೋಡಿ. ಗ್ಯಾರೇಜಿನ ಕಪಾಟಿನಲ್ಲಿ ಅರ್ಧ ಉಳಿದ ಡಬ್ಬಿಯನ್ನು, ಅದು ಎಷ್ಟೇ ದುಬಾರಿ ಬ್ರ್ಯಾಂಡಿನದಾಗಿರಲಿ, ಬೇಡ ಎನ್ನಿ. ಡಾಟ್ 5 ಸಿಲಿಕೋನಿನದು. ಉಳಿದವುಗಳ ಜೊತೆ ಬೆರೆಸಲೇಬಾರದು.

ಕೆಲಸಕ್ಕೆ ಮಳೆಯಿಲ್ಲದ ದಿನ ಆರಿಸಿ. ಹೊರಡುವುದಕ್ಕೆ ಒಂದು ವಾರ ಮೊದಲೇ ಮುಗಿಸಿದರೆ ಎಲ್ಲಾದರೂ ಸೋರಿಕೆ ಇದ್ದದ್ದು ಊರಿನಲ್ಲೇ ಗೊತ್ತಾಗುತ್ತದೆ. ಬೇಕಾದದ್ದು ಒಂದು ಲೀಟರ್ ಆಯಿಲ್, ಚಕ್ರದ ಹಿಂದೆ ಆಯಿಲ್ ಹೊರಬಿಡುವ ನಿಪ್ಪಲಿಗೆ ಸರಿಹೊಂದುವ ರಿಂಗ್ ಪಾನಾ, ಒಳಗಿನದು ಕಾಣುವ ತೆಳು ಪೈಪ್, ಒಂದು ಬಾಟಲಿ, ದೊಡ್ಡ ಸಿರಿಂಜ್, ಜಾಕ್ ಮತ್ತು ಸ್ಟ್ಯಾಂಡ್, ಕನ್ನಡಕ, ಕೈಗವಸು, ಒಬ್ಬ ಜೊತೆಗಾರ. ಬರೀ ಜಾಕಿನ ಭರವಸೆಯಲ್ಲಿ ಕಾರಿನಡಿ ಕೈ ಹಾಕಬೇಡಿ. ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ. ಬಕೆಟ್ ನೀರು ಪಕ್ಕದಲ್ಲಿರಲಿ, ಬಿದ್ದ ಕೂಡಲೇ ತೊಳೆಯಿರಿ.

ನಮ್ಮ ಭಾಗದವರಿಗೆ ಇನ್ನೊಂದು ಎಚ್ಚರಿಕೆ. ಶಹಾಬಾದ್ ಕಲ್ಲಿನ ಪುಡಿ, ವಾಡಿ ಮತ್ತು ಮಳಖೇಡದ ಸಿಮೆಂಟ್ ಧೂಳು ಬಾನೆಟ್ಟಿನ ಒಳಗೂ ಕೂತಿರುತ್ತದೆ. ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳ ತಿರುಗಿಸುವ ಮೊದಲೇ ಸುತ್ತಲೂ ಶುಚಿ ಬಟ್ಟೆಯಿಂದ ಒರೆಸಿ. ಒಳಗೆ ಬಿದ್ದ ಹರಳು ಸೀಲನ್ನು ಗೀರುತ್ತದೆ. ಚಕ್ರಗಳ ಹಿಂದಿನ ನಿಪ್ಪಲುಗಳನ್ನೂ ಹಾಗೆಯೇ ಶುಚಿ ಮಾಡಿ. ತುಕ್ಕು ಹಿಡಿದ ನಿಪ್ಪಲಿಗೆ ತುಕ್ಕು ಬಿಡಿಸುವ ಎಣ್ಣೆ ಸವರಿ ಕಾಯಿರಿ; ಬಲ ಹಾಕಿದರೆ ಮುರಿಯುತ್ತದೆ.

ಎಂಜಿನ್ ಆಫ್ ಇರಲಿ. ಟ್ಯಾಂಕಿನ ಹಳೆಯ ಆಯಿಲನ್ನು ಸಿರಿಂಜಿನಿಂದ ಎಳೆದು ಹೊಸದನ್ನು ತುಂಬಿ. ನಮ್ಮ ಕಾರುಗಳಲ್ಲಿ ಈ ಟ್ಯಾಂಕಿನ ಕೆಳಗಿನ ಮಾಸ್ಟರ್ ಸಿಲಿಂಡರ್ ಸಾಮಾನ್ಯವಾಗಿ ಚಾಲಕನ ಮುಂದೆ, ಬಲಕ್ಕೆ ಇರುವುದರಿಂದ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು ಮಾಡುವುದು ರೂಢಿ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೈಪಿಡಿ ಬೇರೆ ಕ್ರಮ ಹೇಳಿದರೆ ಅದೇ ಸರಿ.

ನಿಪ್ಪಲಿಗೆ ಪಾನಾ ಕೂರಿಸಿ, ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಗೆ ಮೊದಲೇ ಹಾಕಿದ ಸ್ವಲ್ಪ ಆಯಿಲಿನಲ್ಲಿ ಮುಳುಗಿರುವಂತೆ ಇಡಿ. ಈಗ ಇಬ್ಬರ ನಡುವೆ ಮಾತು ಸ್ಪಷ್ಟವಾಗಿರಬೇಕು. ‘ಒತ್ರಿ’ ಎಂದಾಗ ಜೊತೆಗಾರ ಪೆಡಲನ್ನು ನಿಧಾನ ಒತ್ತುತ್ತಾನೆ. ನೀವು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದಾಗ ಆಯಿಲ್ ಹೊರಬರುತ್ತದೆ, ಪೆಡಲ್ ಇಳಿಯುತ್ತದೆ. ‘ಹಿಡೀರಿ’ ಎಂದು ನಿಪ್ಪಲ್ ಬಿಗಿ ಮಾಡಿ. ಬಿಗಿ ಆದ ಮೇಲಷ್ಟೇ ‘ಬಿಡ್ರಿ’. ಇದು ಹಿಂದುಮುಂದಾದರೆ ಗಾಳಿ ಒಳಗೆ ಸೇರುತ್ತದೆ. ಹಳೆಯ ಕಾರಾದರೆ ಪೆಡಲಿನ ಕೆಳಗೆ ಮರದ ತುಂಡು ಇಡಿ. ಪೆಡಲ್ ಪೂರ್ತಿ ಇಳಿದು, ಮಾಸ್ಟರ್ ಸಿಲಿಂಡರಿನ ಸೀಲ್ ಎಂದೂ ಸವೆಯದ ತುಕ್ಕಿನ ಭಾಗಕ್ಕೆ ಹೋದರೆ ಹರಿಯಬಹುದು. ಗುಳ್ಳೆ ನಿಂತು ಹೊಸ ಆಯಿಲ್ ಬರುವವರೆಗೆ ಮುಂದುವರಿಸಿ. ಐದಾರು ಸಲ ಒತ್ತಿದ ಮೇಲೆ ಟ್ಯಾಂಕ್ ನೋಡಲೇಬೇಕು. ಮಟ್ಟ ಮಿನಿಮಮ್ ಗೆರೆಗಿಂತ ಕೆಳಗಿಳಿದು ಗಾಳಿ ಎಳೆದುಕೊಂಡರೆ ಎಲ್ಲವೂ ಮೊದಲಿನಿಂದ. ಆ ಗಾಳಿ ಎಬಿಎಸ್ ಘಟಕದೊಳಗೆ ಸಿಕ್ಕಿಕೊಂಡರೆ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕಾದೀತು.

ಕ್ಲಚ್ ಮರೆಯುವವರೇ ಹೆಚ್ಚು. ನಿಮ್ಮದು ಕೇಬಲ್ ಕ್ಲಚ್ ಆಗಿದ್ದರೆ ಈ ಕೆಲಸವಿಲ್ಲ. ಹೈಡ್ರಾಲಿಕ್ ಆಗಿದ್ದರೆ ಹಲವು ಕಾರುಗಳಲ್ಲಿ ಅದೇ ಟ್ಯಾಂಕಿನಿಂದ ಒಂದು ಪೈಪ್ ಕ್ಲಚ್ಚಿಗೂ ಹೋಗಿರುತ್ತದೆ. ಗೇರ್‌ಬಾಕ್ಸಿನ ಬಳಿಯ ನಿಪ್ಪಲಿನಲ್ಲಿ ಇದೇ ವಿಧಾನ ಅನುಸರಿಸಿ, ಆದರೆ ನಿಧಾನವಾಗಿ. ಪೆಡಲ್ ತಾನಾಗಿ ಮೇಲೇಳದಿದ್ದರೆ ಕೈಯಿಂದ ಎತ್ತಿ. ಟ್ರ್ಯಾಕಿನ ಕಾವಿನಲ್ಲಿ ಗೇರ್ ಬೀಳಲು ಹಟ ಮಾಡುವುದಕ್ಕೆ ಹಳೆಯ ಕ್ಲಚ್ ಆಯಿಲ್ ಒಂದು ಕಾರಣ.

ನಿಪ್ಪಲುಗಳನ್ನೆಲ್ಲ ಬಿಗಿ ಮಾಡಿ, ರಬ್ಬರ್ ಟೋಪಿ ಹಾಕಿ, ಆಯಿಲನ್ನು ಮ್ಯಾಕ್ಸಿಮಮ್ ಗೆರೆಗೆ ತನ್ನಿ. ಎಂಜಿನ್ ಚಾಲೂ ಮಾಡಿ ಪೆಡಲನ್ನು ಬಲವಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಇಳಿಯುತ್ತಿದ್ದರೆ, ಇಲ್ಲವೇ ಸ್ಪಂಜಿನಂತೆ ಮೆತ್ತಗಿದ್ದರೆ ಕಾರು ಗೇಟು ದಾಟಬಾರದು. ಸರಿಯಿದ್ದರೆ ಖಾಲಿ ಮೈದಾನದಲ್ಲಿ ಮೆಲ್ಲನೆ ಓಡಿಸಿ ನಿಲ್ಲಿಸಿ ನೋಡಿ, ಮರುದಿನ ನಿಪ್ಪಲುಗಳ ಸುತ್ತ ತೇವ ಇದೆಯೇ ಎಂದು ಮುಟ್ಟಿ ನೋಡಿ. ಸೇಡಂ ರಸ್ತೆಯ ಲಾರಿಗಳ ನಡುವೆ ಬ್ರೇಕ್ ಪರೀಕ್ಷೆ ಬೇಡ.

ಟ್ರ್ಯಾಕಿನಲ್ಲಿ ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ತಣಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಪೆಡಲ್ ಮೊದಲಿಗಿಂತ ಆಳಕ್ಕೆ ಹೋದಂತೆನಿಸಿದರೆ ಅಂದಿನ ಓಟ ಅಲ್ಲಿಗೇ ಸಾಕು. ಊರಿಗೆ ಹೊರಡುವ ಮೊದಲು ಬ್ರೇಕ್ ತಣ್ಣಗಾದ ಮೇಲೆ ನಿಪ್ಪಲುಗಳಿಂದ ಇನ್ನೊಮ್ಮೆ ಗಾಳಿ ತೆಗೆಯಿರಿ.

ತೆಗೆದ ಆಯಿಲ್ ವಿಷ. ಚರಂಡಿಗೆ, ಹೊಲಕ್ಕೆ, ಕಾಗಿಣಾ ನದಿಯ ದಂಡೆಗೆ ಸುರಿಯಬೇಡಿ. ದನ, ನಾಯಿಗಳಿಗೆ ಸಿಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಒಳಗೇನಿದೆ ಎಂದು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಸೀಲ್ ಒಡೆದು ಉಳಿದ ಹೊಸ ಆಯಿಲನ್ನೂ ಮುಂದಿನ ವರ್ಷಕ್ಕೆಂದು ಕಟ್ಟಿಡಬೇಡಿ.