‘ಶೇಕಡ 75 ಸ್ವಚ್ಛ’ ಎಂದರೆ ಎಷ್ಟು ಸುರಕ್ಷಿತ? ಕಹೊಒಲಾವೆ ದ್ವೀಪವನ್ನು ಆಧರಿಸಿದ ಒಂದು ಪೂರಕ ಪಾಠ

ತರಗತಿ: 10
ವಿಷಯ: ವಿಜ್ಞಾನ (ಗಣಿತದೊಂದಿಗೆ ಅನುಬಂಧ)
ಘಟಕ: ವಿದ್ಯುತ್ಪ್ರವಾಹದ ಕಾಂತೀಯ ಪರಿಣಾಮಗಳು
ಅವಧಿ: 40 ನಿಮಿಷಗಳ ಎರಡು ಅವಧಿಗಳು

ಈ ವಿಷಯವನ್ನೇ ಏಕೆ ಆರಿಸಿಕೊಂಡೆ

ಲೋಹಶೋಧಕ ಎಂದೊಡನೆ ಮಕ್ಕಳಿಗೆ ನೆನಪಾಗುವುದು ರೈಲು ನಿಲ್ದಾಣದ ಬಾಗಿಲು. ಅದೇ ತತ್ತ್ವದ ಮೇಲೆ ಮನುಷ್ಯರ ಜೀವವೇ ನಿಂತಿರುವ ಕೆಲಸವೊಂದಿದೆ. ಸೇನೆ ಅಭ್ಯಾಸಕ್ಕೆ ಬಳಸಿ ಬಿಟ್ಟ ನೆಲದಲ್ಲಿ ಸಿಡಿಯದೆ ಉಳಿದ ಬಾಂಬು, ಗುಂಡುಗಳನ್ನು ಹುಡುಕಿ ತೆಗೆಯುವುದು ಆ ಕೆಲಸ. ಪಠ್ಯದ ತತ್ತ್ವಕ್ಕೆ ಇಷ್ಟು ನೇರವಾದ ಉಪಯೋಗ ಬೇರೆ ಕಡೆ ನನಗೆ ಸಿಗಲಿಲ್ಲ. ಜೊತೆಗೆ, ಸರ್ಕಾರಿ ಅಂಕಿಯೊಂದನ್ನು ಹೇಗೆ ಓದಬೇಕು ಎಂಬುದನ್ನೂ ಇದೇ ಪಾಠದಲ್ಲಿ ಕಲಿಸಲು ಸಾಧ್ಯ ಎನಿಸಿತು.

ಕಲಿಕಾ ಫಲಗಳು

1. ಬದಲಾಗುವ ಕಾಂತಕ್ಷೇತ್ರವು ಲೋಹದಲ್ಲಿ ವಿದ್ಯುತ್ಪ್ರವಾಹವನ್ನು ಪ್ರೇರಿಸುತ್ತದೆ ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವರು.
2. ಆಳ ಹೆಚ್ಚಿದಂತೆ ಶೋಧನೆ ಕಷ್ಟವಾಗುವ ಕಾರಣವನ್ನು ತಿಳಿಸುವರು.
3. ಶೇಕಡಾವಾರು ಅಂಕಿ ಕಂಡಾಗ ‘ಯಾವುದರ ಶೇಕಡ?’ ಎಂದು ಪ್ರಶ್ನಿಸುವರು.
4. ಅಪರಿಚಿತ ಸ್ಫೋಟಕ ವಸ್ತು ಕಂಡಾಗ ಅನುಸರಿಸಬೇಕಾದ ಕ್ರಮವನ್ನು ಹೇಳುವರು.

ವಿಷಯ ಪ್ರವೇಶ

ಗೋಡೆ ನಕಾಶೆಯಲ್ಲಿ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳನ್ನು ತೋರಿಸಿ, ಮಾವಿ ದ್ವೀಪದ ನೈರುತ್ಯಕ್ಕಿರುವ ಪುಟ್ಟ ಕಹೊಒಲಾವೆಯ ಕಥೆ ಹೇಳಿದೆ. ಅದರ ವಿಸ್ತೀರ್ಣ ಸುಮಾರು 28,800 ಎಕರೆ. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದ ನಂತರ ಅಮೆರಿಕದ ಸೇನೆ ಈ ದ್ವೀಪವನ್ನು ವಶಕ್ಕೆ ತೆಗೆದುಕೊಂಡು ಬಾಂಬ್ ಅಭ್ಯಾಸಕ್ಕೆ ಬಳಸತೊಡಗಿತು. 1953ರ ಅಧ್ಯಕ್ಷೀಯ ಆದೇಶವು ದ್ವೀಪವನ್ನು ನೌಕಾಪಡೆಗೆ ವಹಿಸಿತಾದರೂ, ಅಗತ್ಯ ಮುಗಿದ ಮೇಲೆ ಜನವಾಸಕ್ಕೆ ಸುರಕ್ಷಿತವಾಗುವಂತೆ ಮಾಡಿ ಹಿಂದಿರುಗಿಸಬೇಕೆಂದು ಹೇಳಿತ್ತು. 1965ರಲ್ಲಿ ತಲಾ 500 ಟನ್ ಟಿಎನ್‌ಟಿಯ ಮೂರು ಸ್ಫೋಟಗಳನ್ನು ಇಲ್ಲಿ ನಡೆಸಲಾಯಿತು.

ಹವಾಯಿಯ ಮೂಲನಿವಾಸಿಗಳಿಗೆ ಇದು ಪವಿತ್ರ ಭೂಮಿ. 1976ರಲ್ಲಿ ಅವರು ನಿಷೇಧವನ್ನು ಮೀರಿ ದ್ವೀಪಕ್ಕೆ ಕಾಲಿಟ್ಟರು. ಮರುವರ್ಷ ಚಳವಳಿಯ ಜಾರ್ಜ್ ಹೆಲ್ಮ್ ಮತ್ತು ಕಿಮೊ ಮಿಚೆಲ್ ದ್ವೀಪದ ಬಳಿ ಸಮುದ್ರದಲ್ಲಿ ಕಣ್ಮರೆಯಾದರು. 1990ರಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಬಾಂಬ್ ಅಭ್ಯಾಸವನ್ನು ನಿಲ್ಲಿಸಿದರು. 1994ರಲ್ಲಿ ಒಡೆತನ ಹವಾಯಿ ರಾಜ್ಯಕ್ಕೆ ಮರಳಿತು. ಅಷ್ಟು ಹೊತ್ತಿಗೆ ಸ್ವಚ್ಛತೆಗೆಂದು 40 ಕೋಟಿ ಡಾಲರ್ ಮತ್ತು 10 ವರ್ಷಗಳ ಗಡುವು ನಿಗದಿಯಾಗಿತ್ತು.

‘ಹಾಕಿದ ಬಾಂಬು ಸಿಡಿಯದೆ ಯಾಕೆ ಉಳಿಯುತ್ತೆ ಮೇಡಂ?’ ಎಂಬ ಪ್ರಶ್ನೆ ಇಲ್ಲಿಯೇ ಬಂತು. ಬಾಂಬನ್ನು ಸಿಡಿಸುವುದು ಅದರ ಫ್ಯೂಸ್. ಮೆತ್ತನೆಯ ನೆಲಕ್ಕೆ ಬಿದ್ದರೆ, ಓರೆಯಾಗಿ ತಗುಲಿದರೆ, ಅಥವಾ ತಯಾರಿಕೆಯಲ್ಲೇ ದೋಷವಿದ್ದರೆ ಫ್ಯೂಸ್ ಕೆಲಸ ಮಾಡದಿರಬಹುದು. ಆದರೆ ಒಳಗಿನ ಸ್ಫೋಟಕ ದಶಕಗಳ ನಂತರವೂ ಜೀವಂತವಾಗಿರುತ್ತದೆ.

ಚಟುವಟಿಕೆ 1: ಮರಳಿನ ತಟ್ಟೆ

ಪ್ರತಿ ಗುಂಪಿಗೆ ಮರಳು ತುಂಬಿದ ಪ್ಲಾಸ್ಟಿಕ್ ತಟ್ಟೆಯೊಂದನ್ನು ಕೊಟ್ಟು, ದಾರ ಕಟ್ಟಿ 20 ಚೌಕಗಳಾಗಿ ವಿಂಗಡಿಸಿದೆ. ಕಬ್ಬಿಣದ ಬೋಲ್ಟ್‌ಗಳನ್ನು ಕೆಲವು ಕಡೆ ಮೇಲ್ಪದರದಲ್ಲೂ ಕೆಲವು ಕಡೆ ತಳದಲ್ಲೂ ಮೊದಲೇ ಹೂತಿಟ್ಟಿದ್ದೆ. ಜೊತೆಗೆ ಮೊಳೆ ಚೂರುಗಳು ಮತ್ತು ಅಲ್ಯೂಮಿನಿಯಂ ತುಂಡುಗಳಿದ್ದವು. ಮಕ್ಕಳು ದಿಕ್ಸೂಚಿಯನ್ನು ಸಾಲು ಸಾಲಾಗಿ ಸರಿಸುತ್ತ, ಮುಳ್ಳು ಅಲುಗಿದ ಚೌಕದಲ್ಲಿ ಕಡ್ಡಿ ನೆಟ್ಟರು. ನಿಜವಾದ ಶೋಧನೆಯೂ ಹೀಗೆಯೇ ನಡೆಯುತ್ತದೆ. ನೆಲವನ್ನು ಚೌಕಗಳಾಗಿ ಭಾಗಿಸಿ, ತಂಡವು ಒಂದೇ ಸಾಲಿನಲ್ಲಿ ನಡೆದು, ಸಂಕೇತ ಸಿಕ್ಕಲ್ಲಿ ಬಾವುಟ ನೆಡುತ್ತದೆ.

ಫಲಿತಾಂಶವನ್ನು ಮಕ್ಕಳೇ ಹೇಳಿದರು: ಮೇಲಿನ ಬೋಲ್ಟ್ ಸಿಕ್ಕಿತು, ತಳದ್ದು ಸಿಗಲಿಲ್ಲ, ಮೊಳೆ ಚೂರು ಮೋಸ ಮಾಡಿತು, ಅಲ್ಯೂಮಿನಿಯಂ ಗೊತ್ತೇ ಆಗಲಿಲ್ಲ.

ಚಟುವಟಿಕೆ 2: ನಿಧಾನವಾಗಿ ಬೀಳುವ ಕಾಂತ

ಅಲ್ಯೂಮಿನಿಯಂ ಕೊಳವೆಯೊಳಗೆ ಮೊದಲು ಕಲ್ಲಿನ ಚೂರನ್ನು, ಆಮೇಲೆ ಶಕ್ತಿಯುತವಾದ ಗುಂಡಿ ಕಾಂತವನ್ನು ಬಿಟ್ಟೆ. ಕಾಂತ ತೇಲುವಂತೆ ನಿಧಾನವಾಗಿ ಇಳಿಯಿತು. ಕಾಂತ ಅಂಟದ ಲೋಹದಲ್ಲೂ ಚಲಿಸುವ ಕಾಂತವು ಪ್ರವಾಹವನ್ನು ಹುಟ್ಟಿಸುತ್ತದೆ, ಆ ಪ್ರವಾಹದ ಕ್ಷೇತ್ರ ಕಾಂತದ ಚಲನೆಯನ್ನು ತಡೆಯುತ್ತದೆ. ಇವೇ ಸುಳಿ ಪ್ರವಾಹಗಳು.

ಶೋಧಕದ ಸುರುಳಿಯಲ್ಲಿ ಕ್ಷಣಮಾತ್ರ ಪ್ರವಾಹ ಹರಿಸಿ ನಿಲ್ಲಿಸುತ್ತಾರೆ. ನೆಲದೊಳಗಿನ ಲೋಹದಲ್ಲಿ ಸುಳಿ ಪ್ರವಾಹ ಎದ್ದು ಮೆಲ್ಲಗೆ ಕುಗ್ಗುತ್ತದೆ. ಅದರ ಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ಕಹೊಒಲಾವೆಯಂತಹ ಜ್ವಾಲಾಮುಖಿ ದ್ವೀಪದಲ್ಲಿ ಕಲ್ಲು ಮಣ್ಣಿನಲ್ಲೇ ಕಬ್ಬಿಣದ ಅಂಶವಿರುವುದರಿಂದ ಕಾಂತಮಾಪಕಗಳಿಗೆ ಗೊಂದಲ ಹೆಚ್ಚು.

ಆಳದ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿದೆವು. ಸುರುಳಿಗಿಂತ ಸಾಕಷ್ಟು ದೂರದಲ್ಲಿರುವ ಸಣ್ಣ ಲೋಹದ ತುಂಡಿಗೆ, ದೂರ ಎರಡರಷ್ಟಾದರೆ ಅದನ್ನು ತಲಪುವ ಕ್ಷೇತ್ರ ಸುಮಾರು 1/8ಕ್ಕೆ ಇಳಿಯುತ್ತದೆ. ಮರಳಿ ಬರುವಾಗ ಮತ್ತೆ 1/8. ಒಟ್ಟು 1/64. ತಟ್ಟೆಯ ತಳದ ಬೋಲ್ಟ್ ಏಕೆ ಸಿಗಲಿಲ್ಲ ಎಂಬುದರ ಕಡೆಗೆ ಈ ಲೆಕ್ಕವೂ ಬೆರಳು ತೋರಿಸುತ್ತದೆ.

ಅಂಕಿಯನ್ನು ಓದುವುದು

2004ರಲ್ಲಿ ನೌಕಾಪಡೆಯ ಕೆಲಸ ಮುಗಿದಾಗ ದ್ವೀಪದ ಸುಮಾರು ಶೇ. 75ರಷ್ಟು ಮೇಲ್ಮೈ ಸ್ವಚ್ಛವಾಗಿತ್ತು. ನಾಲ್ಕು ಅಡಿ ಆಳದವರೆಗೆ ಸ್ವಚ್ಛವಾದದ್ದು ಸುಮಾರು ಶೇ. 10 ಮಾತ್ರ. ಮೂಲ ಗುರಿ ಪೂರ್ತಿ ಮೇಲ್ಮೈ ಮತ್ತು ಶೇ. 30ರಷ್ಟು ಆಳ. ಮಕ್ಕಳು ಇದನ್ನು ಎಕರೆಗೆ ಪರಿವರ್ತಿಸಿದರು:

ಮೇಲ್ಮೈ ಸ್ವಚ್ಛ: ಸುಮಾರು 21,600 ಎಕರೆ
ಅದರಲ್ಲಿ ಆಳದವರೆಗೂ ಸ್ವಚ್ಛ: ಸುಮಾರು 2,880 ಎಕರೆ
ಮೇಲ್ಮೈ ಮಾತ್ರ ಸ್ವಚ್ಛ: ಸುಮಾರು 18,720 ಎಕರೆ
ಸ್ವಚ್ಛವಾಗದ್ದು: ಸುಮಾರು 7,200 ಎಕರೆ

ಬಳಿಕ ಮೂರು ಪ್ರಶ್ನೆ ಕೇಳಿದೆ. ಇಲ್ಲಿ ನಡೆದಾಡಬಹುದೇ? ಗಿಡ ನೆಡಲು ಗುಂಡಿ ತೋಡಬಹುದೇ? ಮನೆಗೆ ಪಾಯ ತೆಗೆಯಬಹುದೇ? ಕೆಲಸ ಬದಲಾದಂತೆ ‘ಸುರಕ್ಷಿತ’ ನೆಲ ಕುಗ್ಗುತ್ತ ಹೋಗುವುದನ್ನು ಅವರೇ ಕಂಡುಕೊಂಡರು. ಮಳೆಗೆ ಮಣ್ಣು ಕೊಚ್ಚಿಹೋದರೆ ಇಂದು ಆಳದಲ್ಲಿರುವುದು ನಾಳೆ ಮೇಲೆ ಬರುತ್ತದೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸೇರಿಸಿದಳು. ಸವಕಳಿ ತೀವ್ರವಾಗಿರುವ ಆ ದ್ವೀಪದ ಮಟ್ಟಿಗೆ ಅದು ನಿಜವಾದ ಮಾತು. ಇಂದಿಗೂ ಅಲ್ಲಿಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಗಿಡ ನೆಡುವ ಸ್ವಯಂಸೇವಕರು ಮಾರ್ಗದರ್ಶಕರ ಜೊತೆಯಲ್ಲೇ ಓಡಾಡಬೇಕು.

ನಮ್ಮೂರಿನ ಕೊಂಡಿ

ಕಾಡಂಚಿನ ಹಳ್ಳಿಯ ಹುಡುಗನೊಬ್ಬ, ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ದನದ ಬಾಯಿ ಛಿದ್ರವಾದದ್ದನ್ನು ಹೇಳಿದ. ತರಗತಿ ಗಂಭೀರವಾಯಿತು. ಯೋಜನೆಯ ಕೊನೆಗಿದ್ದ ಸುರಕ್ಷತಾ ಭಾಗವನ್ನು ಅಲ್ಲಿಗೇ ತಂದೆ: ಮುಟ್ಟಬೇಡಿ, ಕಲ್ಲೆಸೆಯಬೇಡಿ, ಬಂದ ದಾರಿಯಲ್ಲೇ ಹಿಂದಿರುಗಿ, ಜಾಗದ ಗುರುತು ನೆನಪಿಟ್ಟುಕೊಂಡು ಹಿರಿಯರಿಗೆ ಅಥವಾ 112ಕ್ಕೆ ತಿಳಿಸಿ. ಗುಜರಿಗೆ ಹಾಕಿದರೆ ಕಾಸು ಸಿಗುತ್ತದೆಂದು ಎತ್ತಿಕೊಳ್ಳುವುದೇ ದೊಡ್ಡ ಅಪಾಯ ಎಂಬುದನ್ನು ಒತ್ತಿ ಹೇಳಿದೆ.

ಮೌಲ್ಯಮಾಪನ

‘ಒಂದು ಊರಿನ ಕೆರೆ ಶೇ. 80ರಷ್ಟು ಸ್ವಚ್ಛವಾಗಿದೆ ಎಂದು ಫಲಕ ಹಾಕಿದ್ದಾರೆ. ನೀವು ಕೇಳುವ ಮೂರು ಪ್ರಶ್ನೆಗಳನ್ನು ಬರೆಯಿರಿ.’ ಇದು ಮನೆಗೆಲಸ. ‘ಮೇಲಿನ ಕಸವೋ, ತಳದ ಹೂಳೋ?’, ‘ಅಳೆದವರು ಯಾರು?’, ‘ಕುಡಿಯಲೋ, ದನ ತೊಳೆಯಲೋ?’ ಎಂಬ ಪ್ರಶ್ನೆಗಳು ಬಂದವು. ಮೂರನೆಯ ಕಲಿಕಾ ಫಲಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇಕಿರಲಿಲ್ಲ.

ಈ ಪಾಠ ಮಾಡುವವರಿಗೆ

ತಟ್ಟೆ ಲೋಹದ್ದಾಗಿರಬಾರದು. ಬೋಲ್ಟ್‌ಗಳನ್ನು ಎಣಿಸಿ ಹೂತಿಡಿ. ಕೊನೆಗೆ ಮಕ್ಕಳೇ ಮರಳು ಜರಡಿ ಹಿಡಿದು ಲೆಕ್ಕ ಒಪ್ಪಿಸಲಿ. ಒಂದು ಬೋಲ್ಟ್ ಕಡಿಮೆ ಬಂದರೆ ಪೂರ್ತಿ ತಟ್ಟೆಯನ್ನು ಮತ್ತೆ ಜರಡಿ ಹಿಡಿಯಬೇಕಾಗುತ್ತದೆ. ಅಭ್ಯಾಸ ನೆಲದಲ್ಲಿ ಎಷ್ಟು ಬಿತ್ತು, ಎಷ್ಟು ಸಿಡಿಯಿತು ಎಂಬ ಪೂರ್ತಿ ಲೆಕ್ಕ ಕೈಗೆ ಸಿಗುವುದಿಲ್ಲ. ಸ್ವಚ್ಛತೆ ಇಷ್ಟು ದುಬಾರಿ, ಇಷ್ಟು ನಿಧಾನ ಏಕೆ ಎಂಬುದು ಆ ಜರಡಿ ಹಿಡಿಯುವ ಹತ್ತು ನಿಮಿಷಗಳಲ್ಲಿ ಮಕ್ಕಳಿಗೆ ತಿಳಿಯುತ್ತದೆ. ಆ ಸಮಯವನ್ನು ಉಳಿಸಲು ಹೋಗಬೇಡಿ.